ಜಾಡಿಗಳ ಬಯಲಿನಿಂದ ಗುಹೆಗಳ ಊರಿಗೆ: ಲಾವೋಸ್‌ನ ಉತ್ತರಕ್ಕೊಂದು ಪ್ರವಾಸ

ಶನಿವಾರ, ವಿಯೆಂಟಿಯಾನ್

ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಮೆಕಾಂಗ್ ನದಿಯ ಏರಿಯ ಮೇಲೆ ನಿಂತರೆ ಎದುರಿಗಿರುವುದು ಥಾಯ್ಲೆಂಡ್. ಡಿಸೆಂಬರಿಗೆ ನೀರು ಇಳಿದು ನಡುವೆ ಮರಳ ದಿಬ್ಬಗಳು ಎದ್ದಿದ್ದವು. ಆಚೆ ದಡದಿಂದ ಒಂದು ಗಂಟೆ ದಕ್ಷಿಣಕ್ಕೆ ಹೋದರೆ ಉಡೋನ್ ಥಾನಿ ಎಂಬ ಊರು. 1964ರಿಂದ 1973ರವರೆಗೆ ಲಾವೋಸ್ ಮೇಲೆ ಬಾಂಬು ಸುರಿದ ಅಮೆರಿಕದ ವಿಮಾನಗಳಲ್ಲಿ ಎಷ್ಟೋ ಹಾರಿದ್ದು ಆ ಊರಿನಂಥ ಥಾಯ್ ನೆಲೆಗಳಿಂದ. ಉತ್ತರ ವಿಯೆಟ್ನಾಂ ಮೇಲೆ ಹಾಕಲಾಗದೆ ಉಳಿದ ಬಾಂಬುಗಳನ್ನು ನೆಲೆಗೆ ಮರಳುವ ಮುನ್ನ ಲಾವೋಸ್ ಮೇಲೆ ಚೆಲ್ಲಿ ಹೋದ ವಿಮಾನಗಳೂ ಇದ್ದವು.

ನಾನೂ ಅಕ್ಕನೂ ಈ ದೇಶಕ್ಕೆ ಬಂದದ್ದು ಆ ಯುದ್ಧದ ಜಾಡು ಹಿಡಿದು. ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುವವಳು. ಶೀತಲ ಸಮರದ ಪಾಠದಲ್ಲಿ ಪರೋಕ್ಷ ಯುದ್ಧ ಎಂದೊಡನೆ ಕೊರಿಯಾ, ವಿಯೆಟ್ನಾಂ, ಅಫ್ಘಾನಿಸ್ತಾನ ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಅಕ್ಕ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ರಾತ್ರಿ ರೈಲು, ಗಡಿಯ ಸ್ನೇಹ ಸೇತುವೆ: ಇಷ್ಟರಲ್ಲಿ ವಿಯೆಂಟಿಯಾನ್ ತಲುಪಿದ್ದೆವು.

ಊರಿನ ನಡುವೆ ಪತುಸಾಯ್ ಎಂಬ ದೊಡ್ಡ ವಿಜಯ ದ್ವಾರವಿದೆ. ವಿಮಾನ ನಿಲ್ದಾಣದ ಓಡುದಾರಿಗೆಂದು ಅಮೆರಿಕ ಕೊಟ್ಟ ಸಿಮೆಂಟಿನಲ್ಲಿ ಅದನ್ನು ಕಟ್ಟಿದರು ಎಂದು ಊರವರು ಹೇಳುತ್ತಾರೆ. ಮೆಟ್ಟಿಲು ಹತ್ತಿ ಮೇಲೆ ನಿಂತಾಗ ಅಕ್ಕ ಕೇಳಿದಳು: "ಇಷ್ಟು ಸಣ್ಣ ದೇಶ. ಇದರ ಮೇಲೆ ಅಮೆರಿಕಕ್ಕೆ ಏನು ಕೋಪ?"

ಕೋಪ ಲಾವೋಸ್ ಮೇಲಿರಲಿಲ್ಲ. 1954ರ ಜಿನೀವಾ ಒಪ್ಪಂದದಲ್ಲಿ ಲಾವೋಸನ್ನು ಆಳಿದ್ದ ಫ್ರಾನ್ಸ್ ಹೊರಟುಹೋಗುವುದು ಖಚಿತವಾಯಿತು. ಉಳಿದದ್ದು ಮೂವರು ರಾಜಕುಮಾರರ ರಾಜಕೀಯ: ತಟಸ್ಥವಾದಿ ಸುವನ್ನ ಫೂಮಾ, ಅವರ ಮಲತಮ್ಮನಾಗಿದ್ದೂ ಕಮ್ಯುನಿಸ್ಟರ ಪಥೆಟ್ ಲಾವೋ ಪಕ್ಷದ ಜೊತೆ ನಿಂತ ಸುಫಾನುವೊಂಗ್, ಬಲಪಂಥೀಯ ಬೂನ್ ಉಮ್. ಮನೆಯೊಳಗಿನ ಜಗಳ ಮನೆಯೊಳಗೇ ಮುಗಿಯಬಹುದಿತ್ತೇನೋ. 1960ರ ಆಗಸ್ಟ್‌ನಲ್ಲಿ ಕಾಂಗ್ ಲೆ ಎಂಬ ಯುವ ಸೇನಾಧಿಕಾರಿ ತಟಸ್ಥ ಸರ್ಕಾರ ಬೇಕೆಂದು ದಂಗೆ ಎದ್ದ. ಡಿಸೆಂಬರಿನಲ್ಲಿ ಬಲಪಂಥೀಯರ ಸೇನೆ ಅಮೆರಿಕದ ಬೆಂಬಲದಿಂದ ಈ ನಗರಕ್ಕೆ ನುಗ್ಗಿತು. ಕಾಂಗ್ ಲೆಯ ಕಡೆಗೆ ಸೋವಿಯತ್ ವಿಮಾನಗಳು ಶಸ್ತ್ರಾಸ್ತ್ರ ತಂದು ಇಳಿಸಿದವು. ಅಲ್ಲಿಂದ ಮುಂದೆ ಯಾರು ಎಷ್ಟು ದಿನ ಹೋರಾಡಬೇಕು ಎಂಬುದನ್ನು ನಿರ್ಧರಿಸಿದವರು ಹೊರಗಿನವರು.

ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. ಒಪ್ಪಂದ ಪಾಲನೆಯಾಗುತ್ತಿದೆಯೇ ಎಂದು ನೋಡಲು ನೇಮಿಸಿದ ಅಂತಾರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ. ಕೆನಡಾ, ಪೋಲೆಂಡ್ ಸದಸ್ಯರು. 1962ರಲ್ಲಿ ಹದಿನಾಲ್ಕು ದೇಶಗಳು ಮತ್ತೆ ಜಿನೀವಾದಲ್ಲಿ ಸೇರಿ ಲಾವೋಸ್ ತಟಸ್ಥ ದೇಶ, ಹೊರಗಿನ ಸೈನಿಕರೆಲ್ಲ ಹೊರಡಬೇಕು ಎಂದು ಸಹಿ ಹಾಕಿದವು. ಆಯೋಗದ ತಪಾಸಣಾ ಠಾಣೆಗಳನ್ನು ದಾಟಿ 666 ಅಮೆರಿಕನ್ನರು ಹೊರಟರು. ಪಥೆಟ್ ಲಾವೋ ಬೆನ್ನಿಗೆ ನಿಂತಿದ್ದ, ಸಾವಿರಾರು ಮಂದಿಯ ಉತ್ತರ ವಿಯೆಟ್ನಾಂ ಸೇನೆಯಿಂದ ಠಾಣೆ ದಾಟಿದವರು ಸುಮಾರು 40 ಮಂದಿ. ಅದನ್ನು ಕಂಡ ಅಮೆರಿಕ ತಾನೂ ಮರಳಿತು, ಆದರೆ ಸಮವಸ್ತ್ರದಲ್ಲಿ ಅಲ್ಲ. ಗುಪ್ತಚರ ಸಂಸ್ಥೆ ಸಿಐಎ, ಅದರ ಕೈಯಲ್ಲಿದ್ದ ಏರ್ ಅಮೆರಿಕ ವಿಮಾನ ಕಂಪನಿ, ಬೆಟ್ಟಗಳಲ್ಲಿ ಬಾಡಿಗೆಗೆ ಕಟ್ಟಿದ ಸೇನೆ: ಯುದ್ಧ ನಡೆದದ್ದು ಹೀಗೆ. ಎರಡೂ ಕಡೆಯವರು ತಾವಿಲ್ಲಿ ಇಲ್ಲವೇ ಇಲ್ಲ ಎಂದು ಜಗತ್ತಿಗೆ ಹೇಳುತ್ತಲೇ ಇದ್ದರು. ಅಧ್ಯಕ್ಷ ಸ್ಥಾನದಲ್ಲಿದ್ದ ನಾವು ವರದಿ ಬರೆದೆವು. ಯುದ್ಧ ನಿಲ್ಲಿಸುವ ಬಲ ಆಯೋಗಕ್ಕೆ ಇರಲಿಲ್ಲ.

ಮಧ್ಯಾಹ್ನ ಕೋಪ್ ಕೇಂದ್ರಕ್ಕೆ ಹೋದೆವು. ಬಾಂಬಿನಿಂದ ಅಂಗ ಕಳೆದುಕೊಂಡವರಿಗೆ ಕೃತಕ ಕೈಕಾಲು ಕೊಡಿಸುವ ಸಂಸ್ಥೆಯ ವಸ್ತು ಸಂಗ್ರಹಾಲಯವದು. ಕ್ಲಸ್ಟರ್ ಬಾಂಬು ಎಂದರೆ ಗಾಳಿಯಲ್ಲೇ ಬಿಚ್ಚಿಕೊಂಡು ನೂರಾರು ಸಣ್ಣ ಸಿಡಿಗುಂಡುಗಳನ್ನು ಚೆಲ್ಲುವ ಬಾಂಬು. ಚಾವಣಿಯಿಂದ ದಾರ ಕಟ್ಟಿ ಇಳಿಬಿಟ್ಟ ಅಂಥ ಗುಂಡುಗಳ ಕೆಳಗೆ ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಅಕ್ಕ ಹೋಗಿ ನಿಂತದ್ದು ಇನ್ನೊಂದು ಗೋಡೆಯೆದುರು. ಅಲ್ಲಿ ಹಳ್ಳಿಯವರು ತಾವೇ ಮಾಡಿಕೊಂಡು ವರ್ಷಗಟ್ಟಲೆ ನಡೆದ ಕಾಲುಗಳಿದ್ದವು: ಬಿದಿರಿನದು, ಮರ ಕೆತ್ತಿದ್ದು, ಲೋಹದ ತಗಡು ಬಗ್ಗಿಸಿ ಮಾಡಿದ್ದು. ಒಂದರ ಬಾಯಿಗೆ ಹಳೆಯ ಬಟ್ಟೆ ಸುತ್ತಿ ಹೊಲಿದಿದ್ದರು. ಅಕ್ಕ ಅದನ್ನು ಬಗ್ಗಿ ಬಗ್ಗಿ ನೋಡಿದಳು. "ಮಂಡಿಯ ಕೆಳಗೆ ತೆಗೆದ ಕಾಲು. ಬಟ್ಟೆ ಎರಡು ಸಲ ಬದಲಾಯಿಸಿದ್ದಾರೆ, ಹೊಲಿಗೆ ಬೇರೆ ಬೇರೆ ಇದೆ ನೋಡು. ಗಾಯ ಕೀವಾಗಿರಬೇಕು. ಇಂಥ ಎಷ್ಟು ಜನರಿಗೆ ನಾನು ಜೈಪುರ ಕಾಲು ಕಟ್ಟಲು ಕಲಿಸಿದ್ದೇನೆ!" ಎಂದಳು. ಮತ್ತೆ ಸಂಜೆಯವರೆಗೂ ಅವಳ ಬಾಯಿಂದ ಮಾತು ಹೊರಡಲಿಲ್ಲ.

ಅಂಕಿಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷಗಳಲ್ಲಿ ಸುಮಾರು 5,80,000 ಬಾಂಬ್ ದಾಳಿಯ ಹಾರಾಟಗಳು, 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು. ಹಗಲೂ ರಾತ್ರಿ ಪ್ರತಿ ಎಂಟು ನಿಮಿಷಕ್ಕೆ ಒಂದು ವಿಮಾನದ ಹೊರೆ ಸುರಿದ ಲೆಕ್ಕ. ಕ್ಲಸ್ಟರ್ ಬಾಂಬಿನ ಒಳಗಿನ ಸಣ್ಣ ಗುಂಡುಗಳೇ 27 ಕೋಟಿ. ಅವುಗಳಲ್ಲಿ ಸುಮಾರು 8 ಕೋಟಿ ಸಿಡಿಯದೆ ನೆಲದಲ್ಲಿ ಉಳಿದವು. ಯುದ್ಧ ಮುಗಿದ ಮೇಲೆ ಅವುಗಳಿಂದ ಸತ್ತವರು, ಗಾಯಗೊಂಡವರು 20,000ಕ್ಕೂ ಹೆಚ್ಚು. ಇಂಥ ಬಾಂಬು ನಿಷೇಧಿಸುವ ಒಪ್ಪಂದ 2010ರಲ್ಲಿ ಜಾರಿಗೆ ಬಂತು, ಅದರ ಮೊದಲ ಸಮಾವೇಶ ಇದೇ ವಿಯೆಂಟಿಯಾನ್‌ನಲ್ಲಿ ನಡೆಯಿತು. ಅಮೆರಿಕ, ರಷ್ಯಾ, ಚೀನಾ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. ಲಾವೋಸ್‌ನಲ್ಲಿ ಆಯೋಗದ ಅಧ್ಯಕ್ಷರಾಗಿದ್ದ ನಾವು ಹಾಕಬೇಕಿತ್ತು, ಈಗಲಾದರೂ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಭಾನುವಾರ, ಫೋನ್ಸವನ್ ದಾರಿ

ಚೀನಾದ ನೆರವಿನಿಂದ 2021ರಲ್ಲಿ ಬಂದ ರೈಲು ಲುವಾಂಗ್ ಪ್ರಬಾಂಗ್ ಕಡೆಗೆ ಹೋಗುತ್ತದೆ, ಜಾಡಿಗಳ ಬಯಲಿನ ಊರಾದ ಫೋನ್ಸವನ್‌ಗೆ ಬಸ್ಸೇ ಗತಿ. ಬೆಳಿಗ್ಗೆ ಬೇಗ ಹೊರಡುವ ಬಸ್ಸನ್ನೇ ಹಿಡಿಯಬೇಕು. ರಾತ್ರಿ ಬಸ್ಸಿನಲ್ಲಿ ಹೋದರೆ ದಾರಿಯ ಚೆಲುವು ತಪ್ಪಿಹೋಗುತ್ತದೆ, ತಿರುವುಗಳ ಭಯ ಮಾತ್ರ ಉಳಿಯುತ್ತದೆ.

ವಾಂಗ್ ವಿಯೆಂಗ್ ದಾಟುವಾಗ ಊರ ಪಕ್ಕದಲ್ಲೇ ಉದ್ದನೆಯ ಬಯಲೊಂದು ಕಂಡಿತು. ಏರ್ ಅಮೆರಿಕ ವಿಮಾನಗಳು ಇಳಿಯುತ್ತಿದ್ದ ಹಳೆಯ ಓಡುದಾರಿ ಅದು. ಮುಂದೆ ಕಾಸಿ ಎಂಬ ಊರು, ಆಮೇಲೆ ಏರು. ಸುಣ್ಣಕಲ್ಲಿನ ಬೆಟ್ಟಗಳು ಒಂದರ ಹಿಂದೆ ಒಂದು ಎದ್ದು, ಕಣಿವೆಯ ತಳದಲ್ಲಿ ಕೊಯ್ಲಾದ ಗದ್ದೆಗಳ ಕೂಳೆ ಹಳದಿಯಾಗಿ ಕಾಣುತ್ತಿತ್ತು. ರಸ್ತೆ ಬದಿಯ ಮನೆಗಳ ಮುಂದೆ ಪೊರಕೆ ಹುಲ್ಲು ಒಣಹಾಕಿದ್ದರು.

ಫೂ ಖೂನ್ ಎಂಬ ಘಟ್ಟದ ತಲೆಯಲ್ಲಿ ದಾರಿ ಕವಲೊಡೆಯುತ್ತದೆ: ಎಡಕ್ಕೆ ಲುವಾಂಗ್ ಪ್ರಬಾಂಗ್, ಬಲಕ್ಕೆ ಏಳನೆಯ ಹೆದ್ದಾರಿ. ಬಲಕ್ಕೆ ತಿರುಗಿ ಸ್ವಲ್ಪ ದೂರದಲ್ಲೇ ಬಸ್ಸಿನ ಬ್ರೇಕ್ ಕಾದು ಸುಟ್ಟ ವಾಸನೆ ಹೊಡೆಯಿತು. ಚಾಲಕ ಮೌನವಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ನೀರು ಹುಯ್ಯಲು ತೊಡಗಿದ. ಮಂಜು ಎಷ್ಟಿತ್ತೆಂದರೆ ಬಸ್ಸಿನ ಹಿಂಭಾಗದಲ್ಲಿ ನಿಂತವರಿಗೆ ಮುಂಭಾಗ ಕಾಣುತ್ತಿರಲಿಲ್ಲ. ಯಾರೂ ಕೂಗಾಡಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. "ಬೊ ಪೆನ್ ಞಾಂಗ್", ಪರವಾಗಿಲ್ಲ ಎಂದು ಪಕ್ಕದ ಸೀಟಿನ ಅಜ್ಜಿ ನಮಗೇ ಸಮಾಧಾನ ಹೇಳಿದರು. ಮಡಿಲಿನ ಬಿದಿರ ಬುಟ್ಟಿ ತೆರೆದು ಅಂಟಕ್ಕಿ ಅನ್ನವನ್ನು ನಮಗೂ ಹಿಡಿದರು. ಮುದ್ದೆ ಮುರಿಯುವ ಹಾಗೆಯೇ ಮೂರು ಬೆರಳಲ್ಲಿ ಮುರಿದು, ಕೆಂಡದಲ್ಲಿ ಸುಟ್ಟ ಟೊಮೆಟೊ, ಮೆಣಸಿನಕಾಯಿ ಜಜ್ಜಿ ಮಾಡಿದ ಜೇವ್‌ಗೆ ಅದ್ದಿ ತಿನ್ನಬೇಕು. ಆದರೆ ಇದನ್ನು ನುಂಗುವಂತಿಲ್ಲ, ಅಗಿಯಬೇಕು. ನಮ್ಮಂಥ ಸಸ್ಯಾಹಾರಿಗಳಿಗೆ ಈ ಪ್ರವಾಸದುದ್ದಕ್ಕೂ ಆಧಾರವಾದದ್ದು ಅದೇ ಅನ್ನ, ಅದೇ ಜೇವ್. ಪಪ್ಪಾಯಿ ಕೋಸಂಬರಿಯೂ ರುಚಿ, ಆದರೆ "ಬೊ ಸಾಯ್ ಪಾದೇಕ್" ಎಂದು ಮೊದಲೇ ಹೇಳದಿದ್ದರೆ ಹುದುಗಿಸಿದ ಮೀನಿನ ರಸ ಬಿದ್ದುಬಿಡುತ್ತದೆ.

ಫೋನ್ಸವನ್ ತಲುಪಿದಾಗ ಕತ್ತಲಾಗಿತ್ತು, ಮೈ ಕೊರೆಯುವ ಚಳಿ. ಸಾವಿರ ಮೀಟರಿಗಿಂತ ಎತ್ತರದ ಪ್ರಸ್ಥಭೂಮಿ ಇದು. ಡಿಸೆಂಬರ್, ಜನವರಿಯಲ್ಲಿ ಬರುವವರು ಉಣ್ಣೆ ಬಟ್ಟೆ ತರಲೇಬೇಕು. ವಸತಿಗೃಹದ ಅಂಗಳದಲ್ಲಿ ಕ್ಲಸ್ಟರ್ ಬಾಂಬಿನ ಉದ್ದನೆಯ ಕವಚವೊಂದನ್ನು ಸೀಳಿ, ಮಣ್ಣು ತುಂಬಿ, ಕಾಲುಗಳ ಮೇಲೆ ನಿಲ್ಲಿಸಿದ್ದರು. ಅದರಲ್ಲಿ ಈರುಳ್ಳಿ ಸೊಪ್ಪು ಹುಲುಸಾಗಿ ಬೆಳೆದಿತ್ತು. ಮನೆಯೊಡತಿ ಕತ್ತರಿಯಿಂದ ನಾಲ್ಕು ಎಸಳು ಕತ್ತರಿಸಿ ನಮ್ಮ ನೂಡಲ್ಸ್ ಸಾರಿಗೆ ಹಾಕಿದರು.

ಸೋಮವಾರ, ಜಾಡಿಗಳ ಬಯಲು

ನಮ್ಮ ಮಾರ್ಗದರ್ಶಿ ಬೆಟ್ಟಗಾಡಿನ ಮೊಂಗ್ ಸಮುದಾಯದ ಯುವಕ. ಇಂಗ್ಲಿಷ್ ಚೆನ್ನಾಗಿ ಬಲ್ಲ. ಅಕ್ಕನನ್ನು ಮೊದಲ ದಿನದಿಂದಲೇ "ಅಮ್ಮ" ಎಂದು ಕರೆಯತೊಡಗಿದ್ದ. ಮೊದಲ ತಾಣಕ್ಕೆ ಹೋಗುವ ದಾರಿಯಲ್ಲಿ ಪೈನ್ ಮರಗಳ ಗುಡ್ಡಗಳು, ಒಣಗಿದ ಹುಲ್ಲು, ಮೇಯುವ ಎಮ್ಮೆಗಳು. ಹುಲ್ಲಿನ ನಡುವೆ ಅಲ್ಲಲ್ಲಿ ದುಂಡನೆಯ ಹೊಂಡಗಳು. ಕೆರೆಗಳೇನೋ ಎಂದುಕೊಂಡರೆ ಅಲ್ಲ, ಬಾಂಬಿನ ಗುಂಡಿಗಳು.

ಜಾಡಿಗಳು ಕಲ್ಲಿನವು, ಆಳೆತ್ತರದವು. ಎರಡು ಸಾವಿರ ವರ್ಷಗಳ ಹಿಂದಿನ ಜನ ಸತ್ತವರ ಸಂಸ್ಕಾರಕ್ಕೆಂದು ಕಡೆದವು. ಮೊದಲ ತಾಣವೊಂದರಲ್ಲೇ ಮುನ್ನೂರಕ್ಕೂ ಹೆಚ್ಚಿವೆ. ಊರ ಕಥೆ ಬೇರೆ: ಖುನ್ ಚುಂಗ್ ಎಂಬ ರಾಜ ಯುದ್ಧ ಗೆದ್ದ ಖುಷಿಗೆ ಅಕ್ಕಿ ಮದ್ಯ ಭಟ್ಟಿ ಇಳಿಸಲು ಮಾಡಿಸಿದ ಹಂಡೆಗಳಂತೆ. 1930ರ ದಶಕದಲ್ಲಿ ಮೆಡಲೀನ್ ಕೊಲಾನಿ ಎಂಬ ಫ್ರೆಂಚ್ ಪುರಾತತ್ವಜ್ಞೆ ಇಲ್ಲಿ ಉತ್ಖನನ ಮಾಡಿದ್ದರು. 2019ರಲ್ಲಿ ಇಂಥ ಹದಿನೈದು ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದಕ್ಕೂ ಮುಂಚೆ ಬಾಂಬು ತೆಗೆಯಬೇಕಾಗಿತ್ತು. ಕಾಲುದಾರಿಯುದ್ದಕ್ಕೂ ಚಿಕ್ಕ ಚಿಕ್ಕ ಗುರುತಿನ ಕಲ್ಲುಗಳನ್ನು ನೆಲಕ್ಕೆ ಹುಗಿದಿದ್ದಾರೆ, ಅರ್ಧ ಬಿಳಿ, ಅರ್ಧ ಕೆಂಪು. ಬಿಳಿ ಬದಿಯ ಕಡೆ ನೆಲದೊಳಗಿನವರೆಗೂ ಶೋಧಿಸಿದ್ದಾರೆ. ಕೆಂಪು ಬದಿಯ ಕಡೆ ಮೇಲ್ಮೈ ಮಾತ್ರ. ಇಲ್ಲಿಗೆ ಬರುವವರು ಆ ಕಲ್ಲುಗಳನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು, ಮಕ್ಕಳಿದ್ದರೆ ಕೈ ಬಿಡಬಾರದು.

ಇಷ್ಟು ಬಾಂಬು ಈ ಬಯಲಿಗೇ ಏಕೆ? ಹನೋಯ್ ಕಡೆಯಿಂದ ಮೆಕಾಂಗ್ ಬಯಲಿಗೂ ಲುವಾಂಗ್ ಪ್ರಬಾಂಗ್‌ಗೂ ಇಳಿಯುವ ದಾರಿಗಳು ಇಲ್ಲಿ ಕೂಡುತ್ತವೆ. ಬೇಸಿಗೆಯಲ್ಲಿ ಉತ್ತರ ವಿಯೆಟ್ನಾಂ, ಪಥೆಟ್ ಲಾವೋ ಸೈನಿಕರು ಸೋವಿಯತ್, ಚೀನೀ ಶಸ್ತ್ರಗಳೊಂದಿಗೆ ಮುನ್ನುಗ್ಗುತ್ತಿದ್ದರು. ಮಳೆಗಾಲದಲ್ಲಿ ದಾರಿ ಕೆಸರಾಗಿ ಅವರ ಲಾರಿಗಳು ಹೂತಾಗ, ಸಿಐಎ ಕಟ್ಟಿದ, ವಿಮಾನ ಬಲವಿದ್ದ ಜನರಲ್ ವಾಂಗ್ ಪಾವ್ ಅವರ ಮೊಂಗ್ ಸೇನೆ ಬಯಲನ್ನು ಮರಳಿ ಪಡೆಯುತ್ತಿತ್ತು. ಮುಂದಿನ ಬೇಸಿಗೆಗೆ ಮತ್ತೆ ಕಳೆದುಕೊಳ್ಳುತ್ತಿತ್ತು. ವರ್ಷ ವರ್ಷವೂ ಇದೇ.

ಒಂದು ಜಾಡಿಯ ನೆರಳಲ್ಲಿ ಕೂತಾಗ ಯುವಕ ತನ್ನ ಮನೆಯ ವಿಷಯ ಹೇಳಿದ. ತಾತ ವಾಂಗ್ ಪಾವ್ ಸೇನೆ ಸೇರಿದಾಗ ಹದಿನಾಲ್ಕು ವರ್ಷ. ದೊಡ್ಡವರೆಲ್ಲ ಸತ್ತು ಮುಗಿದ ಮೇಲೆ ಹುಡುಗರನ್ನು ಕರೆದೊಯ್ದರಂತೆ. ಅಜ್ಜಿಯ ಅಣ್ಣ ಪಥೆಟ್ ಲಾವೋ ಕಡೆ. "ಇಬ್ಬರೂ ಒಂದೇ ಕಣಿವೆಯವರು. ಒಂದೇ ಹಬ್ಬಕ್ಕೆ ಒಂದೇ ಹಂದಿ ಕೊಯ್ಯುತ್ತಿದ್ದವರು," ಎಂದ. ಗಂಡಸರು ಯುದ್ಧಕ್ಕೆ ಹೋಗಿ ಬೆಟ್ಟದ ಹೊಲಗಳು ಪಾಳು ಬಿದ್ದಾಗ ಏರ್ ಅಮೆರಿಕ ವಿಮಾನಗಳು ಅಕ್ಕಿ ಮೂಟೆ ಎಸೆಯುತ್ತಿದ್ದವು. ಅಕ್ಕಿ ಬೆಳೆಯುವುದು ಆಕಾಶದಲ್ಲಿ ಎಂದು ನಂಬಿದ್ದ ಮಕ್ಕಳಿದ್ದರು ಎಂದು ಅವನ ಅಜ್ಜಿ ಹೇಳುತ್ತಿದ್ದರಂತೆ. 1975ರಲ್ಲಿ ಪಥೆಟ್ ಲಾವೋ ಗೆಲ್ಲುತ್ತಿದ್ದಂತೆ ವಾಂಗ್ ಪಾವ್ ಅವರನ್ನೂ ಕೆಲವು ಸಾವಿರ ಮಂದಿಯನ್ನೂ ಅಮೆರಿಕದವರು ವಿಮಾನದಲ್ಲಿ ಕರೆದೊಯ್ದರು. ಉಳಿದವರು ಮೆಕಾಂಗ್ ಈಜಿ ದಾಟಿದರು, ಇಲ್ಲವೇ ಕಾಡು ಸೇರಿದರು. ಅವನ ತಾತ ಕಾಡು ಸೇರಿದವರು, ಮರಳಲಿಲ್ಲ. ಚಿಕ್ಕಪ್ಪನೊಬ್ಬ ಈಗ ಅಮೆರಿಕದ ಮಿನ್ನೆಸೋಟಾದಲ್ಲಿದ್ದಾರೆ.

ಸಂಜೆ ಅವನೇ ಊರಾಚೆಯ ಮೈದಾನಕ್ಕೆ ಕರೆದೊಯ್ದ. ಮೊಂಗ್ ಹೊಸ ವರ್ಷದ ಹಬ್ಬ. ಬೆಳ್ಳಿ ನಾಣ್ಯಗಳ ಸರ, ಕಸೂತಿಯ ಲಂಗ, ಗುಲಾಬಿ ಬಣ್ಣದ ಸೊಂಟಪಟ್ಟಿ ತೊಟ್ಟ ಹುಡುಗಿಯರು ಒಂದು ಸಾಲಾಗಿ, ಹುಡುಗರು ಎದುರಿಗೆ ಇನ್ನೊಂದು ಸಾಲಾಗಿ ನಿಂತು ಚೆಂಡು ಎಸೆದಾಡುತ್ತಿದ್ದರು. ಹಿಂದೆ ಬಟ್ಟೆಯ ಚೆಂಡು ಇರುತ್ತಿತ್ತಂತೆ, ಈಗ ಟೆನಿಸ್ ಚೆಂಡು. ಎಸೆದದ್ದನ್ನು ಹಿಡಿಯದಿದ್ದರೆ ಹಾಡು ಹೇಳಬೇಕು. ಈ ಹೊಲಗಳಲ್ಲಿ ಇನ್ನೂ ಸಿಗುವ, ಜನ ಬೊಂಬಿ ಎಂದು ಕರೆಯುವ ಗುಂಡೂ ಇದೇ ಗಾತ್ರದ್ದು, ಇದೇ ದುಂಡನೆಯದು. ಒಳಗೆ ನೂರಾರು ಉಕ್ಕಿನ ಚೂರುಗಳು. ಮಕ್ಕಳು ಚೆಂಡೆಂದೇ ಎತ್ತಿಕೊಳ್ಳುತ್ತಾರೆ. ಹುಡುಗಿಯೊಬ್ಬಳು ಅಕ್ಕನ ಕಡೆಗೂ ಚೆಂಡು ಎಸೆದಳು. ಅಕ್ಕ ಹಿಡಿದಳು, ಆದರೂ ಹಾಡು ಹೇಳಿದಳು. ಪುರಂದರದಾಸರ ಪದ ಕೇಳಿ ಎರಡೂ ಸಾಲಿನವರು ಚಪ್ಪಾಳೆ ತಟ್ಟಿದರು.

ಮಂಗಳವಾರ, ಮುವಾಂಗ್ ಖೂನ್ ಮತ್ತು ಬಾನ್ ನಾಪಿಯಾ

ಮುವಾಂಗ್ ಖೂನ್ ಸಿಯೆಂಗ್ ಖುವಾಂಗ್ ಪ್ರಾಂತ್ಯದ ಹಳೆಯ ರಾಜಧಾನಿ. ಬಾಂಬ್ ದಾಳಿಯಲ್ಲಿ ಊರಿಗೆ ಊರೇ ನೆಲಸಮವಾದ ಕಾರಣ ಯುದ್ಧದ ನಂತರ ರಾಜಧಾನಿಯನ್ನು ಫೋನ್ಸವನ್‌ಗೆ ಒಯ್ದರು. ವಾಟ್ ಫಿಯಾ ವಾಟ್ ಎಂಬ ದೇಗುಲದಲ್ಲಿ ಇಟ್ಟಿಗೆ ಕಂಬಗಳು ಮಾತ್ರ ನಿಂತಿವೆ, ಮಾಡು ಇಲ್ಲ. ನಡುವೆ ದೊಡ್ಡ ಬುದ್ಧ ಕುಳಿತಿದ್ದಾನೆ. ಮುಖದ ಒಂದು ಬದಿ ಸುಟ್ಟು ಒಡೆದಿದೆ. ಯಾರೋ ಆ ಬೆಳಿಗ್ಗೆ ತಾನೇ ಚೆಂಡುಹೂ ಇಟ್ಟು ಹೋಗಿದ್ದರು.

ಮರಳುವಾಗ ಬಾಡಿಗೆ ಸ್ಕೂಟರಿನ ಚಕ್ರ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋದ ದೂರ ಹೆಚ್ಚಿರಲಿಲ್ಲ, ಬಿಸಿಲು ಹೆಚ್ಚಿತ್ತು. ಪಂಕ್ಚರ್ ಹಾಕಿದ ಮುದುಕನ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಅಕ್ಕ ಅದನ್ನೇ ನೋಡುತ್ತಿದ್ದುದನ್ನು ಗಮನಿಸಿ ಆತ ತಾನಾಗಿಯೇ ಗುದ್ದಲಿಯಿಂದ ಅಗೆಯುವಂತೆ ಅಭಿನಯಿಸಿ, ಬಾಯಿಂದ ಸಿಡಿದ ಸದ್ದು ಮಾಡಿ ತೋರಿಸಿದರು. ಹಣ ಎಷ್ಟೆಂದು ಕೇಳಿದರೆ ಹೇಳಿದ್ದು ಅತಿ ಕಡಿಮೆ. ಹೆಚ್ಚು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಬಾನ್ ನಾಪಿಯಾದಲ್ಲಿ ಚಮಚ ಮಾಡುವ ಮನೆಗೆ ಹೋದೆವು. ಹಿತ್ತಲಿನ ಮಣ್ಣಿನ ಒಲೆಯ ಮೇಲೆ ಅಲ್ಯೂಮಿನಿಯಂ ಕರಗುತ್ತಿತ್ತು. ಯುದ್ಧದ ಕಾಲದ ಲೋಹವದು, ವಿಮಾನದ ಚೂರು, ಬೆಳಕಿನ ಬಾಂಬಿನ ಕೊಳವೆ. ಹೆಂಗಸು ಸೌಟಿನಲ್ಲಿ ಲೋಹ ಮೊಗೆದು, ಮರದ ಚೌಕಟ್ಟಿನೊಳಗೆ ಬೂದಿ ಮೆತ್ತಿ ಮಾಡಿದ ಅಚ್ಚಿನ ಬಾಯಿಗೆ ಹುಯ್ದರು. ಹತ್ತು ಎಣಿಸುವಷ್ಟರಲ್ಲಿ ಅಚ್ಚು ಬಿಚ್ಚಿದರು. ಒಳಗೆ ಬೆಳ್ಳಗೆ ಹೊಳೆಯುವ ಚಮಚ. ಬದಿಯ ಹೆಚ್ಚುವರಿ ಲೋಹವನ್ನು ಮುರಿದು ಮತ್ತೆ ಒಲೆಗೆ ಹಾಕಿದರು. ಅಂಚು ತಿಕ್ಕುವ ಕೆಲಸ ಹತ್ತು ವರ್ಷದ ಮೊಮ್ಮಗಳದು. ನಾನು ಕೆಲವು ಚಮಚ ಕೊಂಡೆ. ಬಾಂಬಿನ ಚೂರನ್ನೇ ಮಾರಲು ಬರುವವರಿದ್ದಾರೆ, ಅದನ್ನು ಕೊಳ್ಳಬಾರದು. ನಾವು ಕೊಟ್ಟ ಹಣದ ಆಸೆಗೆ ಮತ್ತೊಬ್ಬರು ಹೊಲದಲ್ಲಿ ಲೋಹ ಹುಡುಕಲು ಹೋಗುತ್ತಾರೆ.

ಬುಧವಾರ, ಥಾಮ್ ಪಿವ್

ಈ ದಿನದ ಬಗ್ಗೆ ಬರೆಯುವುದು ಕಷ್ಟ. ಮುವಾಂಗ್ ಖಾಮ್ ದಾಟಿ, ತೊರೆಯೊಂದರ ಬದಿಯಲ್ಲಿ ಮೆಟ್ಟಿಲು ಹತ್ತಿದರೆ ಸುಣ್ಣಕಲ್ಲಿನ ಬೆಟ್ಟದಲ್ಲಿ ಗುಹೆ. ಬಾಂಬಿಗೆ ಹೆದರಿ ಸುತ್ತಲ ಹಳ್ಳಿಯವರು ಅದರಲ್ಲಿ ವಾಸವಾಗಿದ್ದರು. ರಾತ್ರಿ ಹೊತ್ತು ಇಳಿದು ಹೊಲ ಉಳುತ್ತಿದ್ದರು. 1968ರ ನವೆಂಬರ್ 24ರಂದು ವಿಮಾನದಿಂದ ಹಾರಿಸಿದ ರಾಕೆಟ್ ಗುಹೆಯ ಬಾಯೊಳಗೆ ನುಗ್ಗಿ ಸಿಡಿಯಿತು. ಇಲ್ಲಿನ ಲೆಕ್ಕದಲ್ಲಿ ಸತ್ತವರು 374 ಮಂದಿ.

ಅದೇ ನವೆಂಬರ್ 1ರಿಂದ ಅಮೆರಿಕ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸಿತ್ತು. ಜಗತ್ತು ಅದನ್ನು ಶಾಂತಿಯ ಹೆಜ್ಜೆ ಎಂದು ಕೊಂಡಾಡಿತು. ಅಲ್ಲಿ ಬಿಡುವಾದ ವಿಮಾನಗಳನ್ನು ಲಾವೋಸ್ ಕಡೆ ತಿರುಗಿಸಿದರು. ತರಗತಿಯಲ್ಲಿ ಆ ನವೆಂಬರ್ ಬಗ್ಗೆ ನಾನು ಅರ್ಧ ಕಥೆಯನ್ನಷ್ಟೇ ಹೇಳುತ್ತಾ ಬಂದಿದ್ದೆ. ಉಳಿದರ್ಧ ಈ ಬೆಟ್ಟದಲ್ಲಿದೆ.

ಗುಹೆಯ ಒಳಗೋಡೆ ಈಗಲೂ ಕಪ್ಪು. ನೆಲದ ತುಂಬ ಬಂಡೆ ಚೂರು. ಬಂದವರು ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಊದುಕಡ್ಡಿ ಹಚ್ಚಿದ್ದಾರೆ. ಕೆಳಗಿನ ಅಂಗಳದಲ್ಲಿ ಸತ್ತ ಮಗುವನ್ನು ಎರಡೂ ತೋಳಲ್ಲಿ ಎತ್ತಿಕೊಂಡು ನಡೆಯುವ ಮನುಷ್ಯನ ಪ್ರತಿಮೆ ಇದೆ. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು, ನಾನೂ ಹೋದೆ. ಒಳಗೊಂದು ಆಸ್ಪತ್ರೆ ಇತ್ತು ಎಂದು ಮಾರ್ಗದರ್ಶಿ ಹೇಳಿದಾಗ ಅಕ್ಕ ಕೇಳಿದ್ದು ಒಂದೇ: "ನೀರು ಎಲ್ಲಿಂದ ತರುತ್ತಿದ್ದರು?" ಅವನು ಕೆಳಗಿನ ತೊರೆಯನ್ನು ತೋರಿಸಿದ. ಅಷ್ಟು ಮೆಟ್ಟಿಲು, ಬಯಲಲ್ಲಿ, ವಿಮಾನಗಳ ಕಣ್ಣೆದುರಿಗೆ.

ಗುರುವಾರ, ಸಾಮ್ ನುವಾ ದಾರಿ

ಫೋನ್ಸವನ್‌ನಿಂದ ಸಾಮ್ ನುವಾಗೆ ಇಡೀ ದಿನದ ಬಸ್ ಪ್ರಯಾಣ. ನಕಾಶೆಯಲ್ಲಿ ದೂರ ಕಡಿಮೆ ಕಾಣುತ್ತದೆ, ನಂಬಬೇಡಿ. ರಸ್ತೆ ಒಂದು ಬೆಟ್ಟದ ಸೊಂಟ ಸುತ್ತಿ ಮುಗಿಸುವಷ್ಟರಲ್ಲಿ ಇನ್ನೊಂದಕ್ಕೆ ಹತ್ತುತ್ತದೆ. ವಾಂತಿಗೆ ಮಾತ್ರೆ, ತಿನ್ನಲು ಬಾಳೆಹಣ್ಣು, ಎಡಬದಿಯ ಕಿಟಕಿ: ಇಷ್ಟಿದ್ದರೆ ಸಾಕು.

ಶುಕ್ರವಾರ, ವಿಯೆಂಗ್‌ಸಾಯ್

ಸಾಮ್ ನುವಾದಿಂದ ಮೂವತ್ತು ಕಿಲೋಮೀಟರ್ ಪೂರ್ವಕ್ಕೆ, ವಿಯೆಟ್ನಾಂ ಗಡಿಗೆ ಹತ್ತಿರ, ಕೆರೆ, ಕಲ್ಲುಬೆಟ್ಟಗಳ ನಡುವೆ ವಿಯೆಂಗ್‌ಸಾಯ್. ಬೆಟ್ಟಗಳೊಳಗೆ ನೂರಾರು ಗುಹೆಗಳು. 1964ರಿಂದ ಒಂಬತ್ತು ವರ್ಷ ಪಥೆಟ್ ಲಾವೋ ನಾಯಕತ್ವವೂ ಸುಮಾರು 23,000 ಜನರೂ ಇಲ್ಲಿ ಬಾಳಿದರು: ಶಾಲೆ, ಆಸ್ಪತ್ರೆ, ಮುದ್ರಣಾಲಯ, ಅಂಗಡಿ, ಎಲ್ಲವೂ ಕಲ್ಲಿನೊಳಗೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಸುತ್ತು ಮಾರ್ಗದರ್ಶಿಯೊಡನೆ ಹೋಗಬೇಕು. ಕಿವಿಗೆ ಹಾಕಿಕೊಳ್ಳುವ ಯಂತ್ರದಲ್ಲಿ ಅಲ್ಲಿ ಬದುಕಿದವರ ಮಾತುಗಳನ್ನೇ ಕೇಳಿಸುತ್ತಾರೆ. ಇದಕ್ಕಾಗಿ ಇಷ್ಟು ದೂರ ಬಂದದ್ದು ಸಾರ್ಥಕವಾಯಿತು.

ಪಥೆಟ್ ಲಾವೋ ನಾಯಕ ಕೈಸೋನ್ ಫೊಮ್ವಿಹಾನ್ ಇದ್ದ ಗುಹೆಯೊಳಗೆ ಉಕ್ಕಿನ ಬಾಗಿಲಿನ ಗಾಳಿಬಿಗಿ ಕೋಣೆಯಿದೆ. ವಿಷಾನಿಲ ದಾಳಿಯಾದರೆ ಎಂದು ಸೋವಿಯತ್ ಒಕ್ಕೂಟದಿಂದ ಬಂದ ಆಮ್ಲಜನಕ ಯಂತ್ರ ಅಲ್ಲೇ ತುಕ್ಕು ಹಿಡಿದು ನಿಂತಿದೆ. ಹಿಡಿಕೆ ತಿರುಗಿಸಿ ಗಾಳಿ ಹಾಯಿಸಬೇಕು. ಆನೆಗುಹೆ ಎಂದು ಕರೆಯುವ ದೊಡ್ಡ ಪೊಟರೆ ನಾಟಕಶಾಲೆಯಾಗಿತ್ತು. ಗೆಳೆಯ ದೇಶಗಳಿಂದ ಕಲಾತಂಡಗಳು ಬಂದು ಆಡಿದವು, ಮದುವೆಗಳೂ ನಡೆದವು. ಸುಫಾನುವೊಂಗ್ ಗುಹೆಯ ಮುಂದೆ ಯುದ್ಧಕಾಲದಲ್ಲಿ ಕೊಲೆಯಾದ ಮಗನ ನೆನಪಿನ ಸ್ತೂಪವಿದೆ. ಆಸ್ಪತ್ರೆ ಗುಹೆಯ ವಿವರಣೆ ಕೇಳುತ್ತಾ ಅಕ್ಕ ನಿಂತಲ್ಲೇ ನಿಂತಳು. ಸೀಮೆಎಣ್ಣೆ ದೀಪದಲ್ಲಿ ಶಸ್ತ್ರಚಿಕಿತ್ಸೆ, ತೇವ ಗೋಡೆ, ಒಣಗದ ಬ್ಯಾಂಡೇಜು. "ಇಲ್ಲಿ ಕೆಲಸ ಮಾಡಿದ ನರ್ಸುಗಳ ಹೆಸರು ಎಲ್ಲಾದರೂ ಬರೆದಿದ್ದಾರೆಯೇ?" ಎಂದು ಕೇಳಿದಳು. ಮಾರ್ಗದರ್ಶಿಗೆ ಉತ್ತರ ಗೊತ್ತಿರಲಿಲ್ಲ.

ಗೆದ್ದವರು ಹೇಳುವ ಕಥೆಯಲ್ಲಿ ಬಿಟ್ಟುಹೋದದ್ದೂ ಇದೆ, ಅದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1975ರ ಡಿಸೆಂಬರ್ 2ರಂದು ಅರಸೊತ್ತಿಗೆ ರದ್ದಾಯಿತು. ಸೋತ ಕಡೆಯ ಅಧಿಕಾರಿಗಳು, ಸೈನಿಕರು ಮರುಶಿಕ್ಷಣ ಶಿಬಿರಗಳ ಪಾಲಾದರು. 1977ರಲ್ಲಿ ರಾಜ ಸವಾಂಗ್ ವಥಾನಾ, ರಾಣಿ, ಯುವರಾಜರನ್ನು ಇದೇ ಕಡೆಗೆ ಕರೆತಂದರು. ಅವರು ಹಿಂದಿರುಗಲಿಲ್ಲ. ಗುಹೆಗಳ ಸುತ್ತಿನಲ್ಲಿ ಆ ಶಿಬಿರಗಳ ಕಡೆ ಯಾರೂ ಕರೆದೊಯ್ಯುವುದಿಲ್ಲ.

ಶನಿವಾರ, ಸಾಮ್ ನುವಾ

ನದಿ ಪಕ್ಕದ ಮಾರುಕಟ್ಟೆಯಲ್ಲಿ ಬೆಳಗಿನ ತಿಂಡಿ. ಮೇಜು ಒಂದೇ, ಬೆಂಚು ಉದ್ದ. ನಮ್ಮೆದುರು ಕುಳಿತವರು ಗಡಿಯಾಚೆಯ ಥಾನ್ ಹೋವಾದಿಂದ ಬಂದ ವಿಯೆಟ್ನಾಂನ ರಸ್ತೆ ಗುತ್ತಿಗೆ ಎಂಜಿನಿಯರ್, ಅರವತ್ತರ ಆಸುಪಾಸಿನವರು. ಭಾರತದವರೆಂದು ತಿಳಿದೊಡನೆ ಕಾಫಿ ತರಿಸಿದರು. ಎಲ್ಲಿಂದ ಬಂದಿರಿ ಎಂದರು. ಫೋನ್ಸವನ್ ಎಂದೆವು. ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

ಅವರ ತಂದೆ ಸತ್ತದ್ದು ಆ ಬಯಲಿನಲ್ಲಿ, 1970ರ ಆರಂಭದ ಕಾದಾಟದಲ್ಲಿ. ಊರಿನಲ್ಲಿ ಭತ್ತ ಬೆಳೆಯುತ್ತಿದ್ದವರು. ಎಲ್ಲಿಗೆ ಕಳಿಸುತ್ತಿದ್ದಾರೆಂದು ಹೆಂಡತಿಗೂ ಹೇಳುವಂತಿರಲಿಲ್ಲ, ಏಕೆಂದರೆ ಹನೋಯ್ ಲೆಕ್ಕದಲ್ಲಿ ಲಾವೋಸ್‌ನಲ್ಲಿ ಅದರ ಸೈನಿಕರೇ ಇರಲಿಲ್ಲ. ದೇಹ ಸಿಗಲಿಲ್ಲ. ಯುದ್ಧದ ನಂತರ ಎರಡು ದೇಶಗಳ ತಂಡಗಳು ವಿಯೆಟ್ನಾಂ ಯೋಧರ ಅಸ್ಥಿ ಹುಡುಕಿ ತಾಯ್ನಾಡಿಗೆ ಒಯ್ಯುತ್ತಲೇ ಇವೆ. ಆ ಪಟ್ಟಿಯಲ್ಲಿ ತಂದೆಯ ಹೆಸರು ಇನ್ನೂ ಬಂದಿಲ್ಲ. ಲಾವೋಸ್‌ನಲ್ಲಿ ಕೆಲಸ ಸಿಕ್ಕಿದಾಗಲೆಲ್ಲ ಒಪ್ಪಿಕೊಳ್ಳುವುದು ಇದಕ್ಕಾಗಿಯೇ ಎಂದರು. ಕಿಸೆಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಮಡಿಸಿಟ್ಟ ನಕಾಶೆ ತೆಗೆದರು. ತಂದೆಯ ಜೊತೆಗಿದ್ದ ಮುದುಕರೊಬ್ಬರು ಪೆನ್ಸಿಲಿನಲ್ಲಿ ಬರೆದುಕೊಟ್ಟದ್ದು: ಒಂದು ಗುಡ್ಡ, ಮೂರು ಪೈನ್ ಮರ, ಕಂದಕದ ಸಾಲು, ಎರಡು ಜಾಡಿ.

ಅಂಥ ಕಂದಕದ ಸಾಲನ್ನು ನಾವು ಸೋಮವಾರ ನೋಡಿದ್ದೆವು. ಇದು ಅದೇ ಎನ್ನಲು ಬರುವುದಿಲ್ಲ. ಆ ಬಯಲಲ್ಲಿ ಕಂದಕಗಳಿಗೆ ಲೆಕ್ಕವಿಲ್ಲ. ಗೊತ್ತಿರುವವನೊಬ್ಬ ಇದ್ದಾನೆ ಎಂದು ಅಕ್ಕ ನಮ್ಮ ಮಾರ್ಗದರ್ಶಿಯ ಫೋನ್ ಸಂಖ್ಯೆ ತೆಗೆದಳು. ಕೊಡುವ ಮುನ್ನ ನನ್ನನ್ನು ನೋಡಿ ಕನ್ನಡದಲ್ಲಿ ಕೇಳಿದಳು: "ಇವರ ತಂದೆ, ಅವನ ತಾತ ಎದುರು ಬದುರು ನಿಂತವರು. ಕೊಡಬಹುದೇ?"

"ಮೊದಲು ಅವನನ್ನೇ ಕೇಳೋಣ, ಅಕ್ಕ."

ಅಲ್ಲಿಂದಲೇ ಫೋನ್ ಮಾಡಿದೆವು. ಅಕ್ಕ ಎಲ್ಲವನ್ನೂ ವಿವರಿಸಿದಳು, ತಾತನ ವಿಷಯವನ್ನೂ ಬಿಡದೆ. ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನನ್ನು ಅವರಿಗೇ ಕೊಡಿ ಅಮ್ಮ ಎಂದ. ಇಬ್ಬರೂ ಲಾವೋ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಎಂಜಿನಿಯರ್ ನಕಾಶೆಯ ಅಂಚಿನಲ್ಲಿ ಏನೇನೋ ಗುರುತು ಹಾಕಿಕೊಂಡರು. ಫೋನ್ ಮರಳಿಸುತ್ತಾ, ಮುಂದಿನ ವಾರ ರಜೆ ಹಾಕಿ ಹೋಗುತ್ತೇನೆ, ಹೊಲದೊಳಗೆ ಇಳಿಯುವ ಮುನ್ನ ಬಾಂಬು ತೆಗೆಯುವ ತಂಡದವರನ್ನು ಕೇಳಿಕೊಂಡೇ ಹೋಗೋಣ ಎಂದು ಹುಡುಗ ಹೇಳಿದ್ದಾನೆ ಎಂದರು. ಬಸ್ಸಿನವನು ಕೂಗುತ್ತಿದ್ದ. ಕಾಫಿಯ ಹಣ ಕೊಡಲು ಹೋದರೆ ಅವರು ಬಿಡಲಿಲ್ಲ.